ಅದೇ ಹೆಡ್‌ಫೋನ್, ಹೊಸ ಫೋನ್: ಸೌಂಡ್ ಸಪ್ಪೆ ಯಾಕೆ?

ಹಳೇ ಫೋನಿನ ಜ್ಯಾಕ್‌ಗೆ ಹಾಕಿದಾಗ ಚೆನ್ನಾಗಿ ಕೇಳುತ್ತಿದ್ದ ವೈರ್ ಹೆಡ್‌ಫೋನ್ ಹೊಸ ಫೋನಿನಲ್ಲಿ ಅಡಾಪ್ಟರ್ ಹಾಕಿ ಕೇಳಿದರೆ ಸಪ್ಪೆ ಅನಿಸುತ್ತಿದೆ, ಫೋನೇ ಕಳಪೆಯಾ ಎಂದು ಕೇಳಿದ್ದೀರಿ. ಎರಡರ ವಾಲ್ಯೂಮ್ ಸಮ ಮಾಡಿ ಕೇಳಿದ್ರಾ? ನಾನು ತುಂಬಾ ದಿನ ಮೋಸ ಹೋಗಿದ್ದು ಇಲ್ಲೇ.

ಒಂದು ಡೆಸಿಬಲ್ ಜೋರಾದರೂ ಸಾಕು. ಜೋರಾಗಿದೆ ಅಂತ ಕಿವಿಗೆ ಗೊತ್ತಾಗುವುದಿಲ್ಲ, ಬೇಸ್ ತುಂಬಿಕೊಂಡಿದೆ, ದನಿ ಸ್ಪಷ್ಟವಾಗಿದೆ ಅನಿಸುತ್ತದೆ. ಎರಡೂ ಫೋನಿನಲ್ಲಿ ವಾಲ್ಯೂಮ್ ಅರ್ಧಕ್ಕೆ ಇಟ್ಟರೆ ಸಮ ಆಗುವುದಿಲ್ಲ, ಒಂದೊಂದು ಫೋನಿನ ಅರ್ಧ ಒಂದೊಂದು ಥರ. ನಾನು ಎಸಿ ಮಿಲಿವೋಲ್ಟ್ ತೋರಿಸುವ ಮಲ್ಟಿಮೀಟರ್ ಇಟ್ಟುಕೊಂಡು, ಹೆಡ್‌ಫೋನ್ ಸಿಕ್ಕಿಸಿದ ಹಾಗೇ 60 ಹರ್ಟ್ಸ್ ಟೋನ್ ನುಡಿಸಿ ಅಳೆದೆ. ಎರಡನ್ನೂ ಆದಷ್ಟು ಹತ್ತಿರಕ್ಕೆ ತಂದೆ. ಡಾಲ್ಬಿ ಆಟ್ಮೋಸ್, ಈಕ್ವಲೈಜರ್ ಥರ ಸೌಂಡ್ ಬದಲಿಸುವ ಸೆಟ್ಟಿಂಗ್ ಎಲ್ಲ ಆಫ್. ಆಮೇಲೆ ತಂಗಿಗೆ ಫೋನ್ ಬದಲಿಸುತ್ತಾ ಇರು ಅಂದು, ಕಣ್ಣು ಮುಚ್ಚಿ ಒಂದೇ ವೀಣೆಯ ಆಲಾಪನೆ ಕೇಳಿದೆ. 32 ಓಮ್‌ನ (ಓಮ್ ಅಂದರೆ ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ) ಸಾಧಾರಣ ಇಯರ್‌ಫೋನಿನಲ್ಲಿ ಯಾವುದು ಯಾವ ಫೋನು ಅಂತ ಹೇಳಲು ನನಗೆ ಆಗಲಿಲ್ಲ.

ಹಾಗಂತ ಎಲ್ಲ ಫೋನೂ ಒಂದೇ ಅಲ್ಲ. ಸೆನ್‌ಹೈಸರ್ ಎಚ್‌ಡಿ 600 ಥರದ 300 ಓಮ್ ಹೆಡ್‌ಫೋನ್‌ಗೆ ಜಾಸ್ತಿ ವೋಲ್ಟೇಜ್ ಬೇಕು. 2017ರ ಎಲ್‌ಜಿ ವಿ30 ಇಂಥದ್ದಕ್ಕೇ ಹೆಸರಾಗಿತ್ತು: ಸಿಕ್ಕಿಸಿದ ಹೆಡ್‌ಫೋನ್ ಎಷ್ಟು ಓಮ್ ಅಂತ ತಾನೇ ಅಳೆದು, 50 ದಾಟಿದರೆ ವೋಲ್ಟೇಜ್ ಏರಿಸುತ್ತಿತ್ತು. 2021ರಲ್ಲಿ ಎಲ್‌ಜಿ ಫೋನ್ ಮಾಡುವುದನ್ನೇ ನಿಲ್ಲಿಸಿತು. ನನಗೆ ಇವತ್ತಿಗೂ ಅದು ಬೇಜಾರು. ಇನ್ನೊಂದು, ಔಟ್‌ಪುಟ್ ಇಂಪೀಡೆನ್ಸ್, ಅಂದರೆ ಫೋನಿನ ಔಟ್‌ಪುಟ್ ತಾನೇ ಒಡ್ಡುವ ತಡೆ. ಒಳಗೆ ನಾಲ್ಕೈದು ಸಣ್ಣ ಡ್ರೈವರ್ (ಸದ್ದು ಹೊರಡಿಸುವ ಪುಟ್ಟ ಸ್ಪೀಕರ್) ಇರುವ ಇಯರ್‌ಫೋನಿನ ಓಮ್ ಒಂದೊಂದು ಸ್ವರಕ್ಕೆ ಒಂದೊಂದು. ಫೋನಿನ ಇಂಪೀಡೆನ್ಸ್ ಜಾಸ್ತಿ ಇದ್ದರೆ ಕೆಲವು ಸ್ವರ ಕುಗ್ಗಿ, ಕೆಲವು ಎದ್ದು ಕೇಳುತ್ತವೆ. ಅಂಥ ಇಯರ್‌ಫೋನಿನಲ್ಲೇ ಹಾಡು ನಿಂತಾಗ "ಸ್" ಅನ್ನುವ ಸದ್ದೂ ಬೇಗ ಸಿಕ್ಕಿಬೀಳುತ್ತದೆ.

ಈಗ ನಿಮ್ಮ ವಿಷಯ. ಜ್ಯಾಕ್ ಇಲ್ಲದ ಫೋನಿನಲ್ಲಿ ನೀವು ಕೇಳುತ್ತಿರುವುದು ಬಹುತೇಕ ಅಡಾಪ್ಟರ್‌ನ ಸೌಂಡು. ಡಿಜಿಟಲ್ ಹಾಡನ್ನು ಅನಲಾಗ್ ಸಿಗ್ನಲ್ ಮಾಡುವ ಡ್ಯಾಕ್ ಚಿಪ್, ಅದಕ್ಕೆ ಬಲ ತುಂಬುವ ಆಂಪ್ಲಿಫೈಯರ್ ಎರಡೂ ಸಾಮಾನ್ಯವಾಗಿ ಅದರ ಪುಟ್ಟ ತುದಿಯಲ್ಲೇ ಇರುತ್ತವೆ. ಆಪಲ್‌ನ ಯುಎಸ್‌ಬಿ-ಸಿ ಅಡಾಪ್ಟರ್ ಅಷ್ಟು ಚಿಕ್ಕದಾದರೂ ಸುಮಾರು 1 ವೋಲ್ಟ್ ಕೊಡುತ್ತದೆ, ಯುರೋಪಿನಲ್ಲಿ ಮಾರುವುದು ಅದರ ಅರ್ಧ. ಆದರೆ ಅದನ್ನೇ ಎಷ್ಟೋ ಆಂಡ್ರಾಯ್ಡ್ ಫೋನುಗಳಿಗೆ ಹಾಕಿದರೆ ಫುಲ್ ವಾಲ್ಯೂಮ್ ಇಟ್ಟರೂ ಮೆತ್ತಗೇ ಕೇಳುತ್ತದೆ. ಅಡಾಪ್ಟರ್ ಒಳಗಿನ ವಾಲ್ಯೂಮ್ ಪೂರ್ತಿ ಏರಿರುವುದಿಲ್ಲ, ಅಷ್ಟೇ. ನಿಮ್ಮದು ಸಪ್ಪೆ ಅನಿಸಲು ಇದೇ ಕಾರಣ ಇರಬಹುದು ಅಂತ ನನ್ನ ಅನುಮಾನ.

ಹೊಸ ಫೋನ್ ಮಾರುವ ಮೊದಲು ಇನ್ನೊಂದು ಅಡಾಪ್ಟರ್ ಯಾರ ಹತ್ತಿರವಾದರೂ ಇಸ್ಕೊಂಡು ಕೇಳಿ ನೋಡಿ. ನಿಮ್ಮ ಹೆಡ್‌ಫೋನ್ ಎಷ್ಟು ಓಮ್, ಅಡಾಪ್ಟರ್ ಯಾವುದು ಅಂತ ತಿಳಿಸಿದರೆ ಇನ್ನೂ ಸರಿಯಾಗಿ ಹೇಳುತ್ತೇನೆ.