ಎಂಟಾಣೆಯ ಲೆಕ್ಕ

ಪ್ರಿಯ ಲೇಖಕರಿಗೆ,

ದಲಿತ ಕುಟುಂಬದಿಂದ ಬಂದ, ನೂರು ವರ್ಷದ ಹಿಂದಿನ ಎಡಗೈ ಸ್ಪಿನ್ ಬೌಲರ್ ಪಾಲ್ವಂಕರ್ ಬಾಲೂ ಕುರಿತ ನಿಮ್ಮ ಲೇಖನ ಓದಿದೆ. ವಿಷಯ ಒಳ್ಳೆಯದು, ಓದಿಸಿಕೊಂಡು ಹೋಗುತ್ತದೆ. ಸಹ ಆಟಗಾರರು ಪೆವಿಲಿಯನ್ನಿನೊಳಗೆ ಚಹಾ ಕುಡಿಯುವಾಗ ಬಾಲೂಗೆ ಹೊರಗೆ ಮಣ್ಣಿನ ಕುಡಿಕೆಯಲ್ಲಿ ಕೊಡುತ್ತಿದ್ದುದನ್ನು ಗದ್ದಲವಿಲ್ಲದೆ ಹೇಳಿದ್ದೀರಿ. ಹಾಗಿದ್ದೂ ಈ ರೂಪದಲ್ಲಿ ಅಚ್ಚಿಗೆ ಹಾಕಲಾರೆ. ಎರಡು ಕಡೆ ಸಿಟ್ಟು ಬಂತು. ಆ ಎರಡರ ಬಗ್ಗೆ ಮಾತ್ರ ಬರೆಯುತ್ತೇನೆ.

ಮೊದಲನೆಯದು ನಿಮ್ಮ ಎರಡನೇ ಪ್ಯಾರಾ: ‘ಧಾರವಾಡದ ಮಣ್ಣಿನ ಮಗನಾದ ಈ ಹವ್ಯಾಸಿ ಆಟಗಾರ ಬಿಡುವಿನ ವೇಳೆಯಲ್ಲಿ ಬ್ರಿಟಿಷ್ ಅಧಿಕಾರಿಗಳಿಗೆ ಬೌಲಿಂಗ್ ಮಾಡುತ್ತಿದ್ದ, ಅವನದು ದೇವರು ಕೊಟ್ಟ ಕೈ.’

‘ಧಾರವಾಡದ ಮಣ್ಣು.’ ಹುಟ್ಟಿದ್ದು ಅಲ್ಲಿ, ಒಪ್ಪೋಣ. ಆದರೆ ಪಾಲ್ವಂಕರ್ ಎಂಬ ಹೆಸರು ಬಂದದ್ದು ಕೊಂಕಣದ ಹಳ್ಳಿಯಿಂದ. ತಂದೆ ಸೈನ್ಯದ ಕೆಲಸದಲ್ಲಿದ್ದವರು, ಹುಡುಗ ಚೆಂಡು ಹಿಡಿಯಲು ಕಲಿತದ್ದು ಪುಣೆಯಲ್ಲಿ. ನಮ್ಮ ಪಾಲಿಗೆ ಬರುವುದು ಹುಟ್ಟೂರು ಅಷ್ಟೇ.

‘ಹವ್ಯಾಸಿ.’ ನನ್ನನ್ನು ಕೆಣಕಿದ ಪದ ಇದು. ಆ ಕಾಲದ ಕ್ರಿಕೆಟ್‌ನಲ್ಲಿ ಅಮೆಚೂರ್ ಎಂದರೆ ಆಸೆಗೆ ಆಡುವವನು ಅಂತಲ್ಲ, ಆಟದಿಂದ ಹೊಟ್ಟೆ ಹೊರೆಯಬೇಕಿಲ್ಲದ ‘ಜೆಂಟಲ್‌ಮನ್’ ಅಂತ. ಸಂಬಳಕ್ಕೆ ಆಡುವವನು ಬರೀ ‘ಪ್ಲೇಯರ್’. ಇಂಗ್ಲೆಂಡಿನಲ್ಲಿ ಇಬ್ಬರಿಗೂ ಡ್ರೆಸ್ಸಿಂಗ್ ರೂಮು ಬೇರೆ, ಎಷ್ಟೋ ಮೈದಾನಗಳಲ್ಲಿ ಒಳಗಿಳಿಯುವ ಬಾಗಿಲೂ ಬೇರೆ. ಆ ಭೇದ ಅಧಿಕೃತವಾಗಿ ಹೋದದ್ದು 1963ರ ಹಂಗಾಮಿಗೆ. 1888ರಲ್ಲಿ ಪಾರ್ಸಿ ತಂಡದ ಜೊತೆ ಇಂಗ್ಲೆಂಡಿಗೆ ಹೋಗಿ 170 ವಿಕೆಟ್ ಕಿತ್ತ ಮೆಹಲ್ಲಾಷಾ ಪಾವ್ರಿ ಮುಂದೆ ಡಾಕ್ಟರಾಗಿ ಬಾಳಿದವರು. ಅವರನ್ನು ಹವ್ಯಾಸಿ ಅನ್ನಿ, ತಕರಾರಿಲ್ಲ. ಬಾಲೂ ಪುಣೆಯ ಪಾರ್ಸಿ ಕ್ಲಬ್ಬಿನಲ್ಲಿ ತಿಂಗಳಿಗೆ 3 ರೂಪಾಯಿಗೆ ಪಿಚ್ ಗುಡಿಸಿ ರೋಲರ್ ಎಳೆಯುತ್ತಿದ್ದ ಹುಡುಗ. ಆಮೇಲೆ ಯುರೋಪಿಯನ್ನರ ಪೂನಾ ಕ್ಲಬ್ಬಿಗೆ ಹೋದಾಗ 4 ರೂಪಾಯಿ. ಮುಂದೆ ಮುಂಬೈಯಲ್ಲಿ ರೈಲ್ವೆ ನೌಕರಿ, ಅದರ ತಂಡದಲ್ಲೇ ಆಟ. ಇದರಲ್ಲಿ ಹವ್ಯಾಸ ಎಲ್ಲಿದೆ?

‘ಬಿಡುವಿನ ವೇಳೆ.’ ನೆಟ್ ಕಟ್ಟುವುದು, ಕ್ರೀಸಿನ ಗೆರೆ ಎಳೆಯುವುದು, ಸಾಹೇಬರು ಬಂದರೆ ಚೆಂಡು ಹಾಕುವುದು, ಇವೆಲ್ಲ ಅದೇ 4 ರೂಪಾಯಿಯ ಕೆಲಸ. ಬಿಡುವು ಇದ್ದದ್ದು ಬ್ಯಾಟ್ ಹಿಡಿದವರಿಗೆ.

‘ದೇವರು ಕೊಟ್ಟ ಕೈ.’ ದೇವರನ್ನು ಇಲ್ಲಿ ಬಿಟ್ಟುಬಿಡಿ. ಎಡಗೈ ಸ್ಪಿನ್ನರ್ ಬಲಗೈ ಬ್ಯಾಟ್ಸ್‌ಮನ್‌ಗೆ ಹಾಕುವ ಮಾಮೂಲು ಚೆಂಡು ನೆಲಕ್ಕೆ ಬಿದ್ದು ಆಫ್ ಕಡೆಗೆ ಹೊರಳುತ್ತದೆ. ತುಸು ಗಿಡ್ಡವಾದರೆ ಹಿಂದೆ ಸರಿದು ಕಟ್ ಮಾಡುತ್ತಾರೆ, ತುಸು ಉದ್ದವಾದರೆ ಡ್ರೈವ್. ನಡುವಿನ ಆ ಗೇಣು ಜಾಗ ಕೈಗೆ ಹತ್ತಬೇಕಾದರೆ ಒಳ್ಳೆಯ ಬ್ಯಾಟ್ಸ್‌ಮನ್ ಎದುರು ಸಾವಿರಾರು ಸಲ ಹಾಕಿ ಹೊಡೆಸಿಕೊಳ್ಳಬೇಕು. ಬಾಲೂಗೆ ಸಿಕ್ಕಿದ್ದು ಇಂಗ್ಲೆಂಡಿನ ಹ್ಯಾಂಪ್‌ಶೈರ್ ಕೌಂಟಿ ಪರ ಆಡಿದ ಸೇನಾಧಿಕಾರಿ ಕ್ಯಾಪ್ಟನ್ ಜೆ. ಜಿ. ಗ್ರೇಗ್. ಜೊತೆಗೆ, ಪಿಚ್ಚಿನ ಯಾವ ಮೂಲೆ ಮೊದಲು ಒಣಗಿ ಬಿರಿಯುತ್ತದೆ ಎಂಬುದು ರೋಲರ್ ಎಳೆದವನಿಗೆ ಗೊತ್ತಿರುತ್ತದೆ. ಇಷ್ಟಾದರೂ ಆ ನೆಟ್‌ನಲ್ಲಿ ಬಾಲೂ ಕೈಗೆ ಒಮ್ಮೆಯೂ ಬ್ಯಾಟ್ ಕೊಡಲಿಲ್ಲ. ಬೌಲಿಂಗ್ ಆಳಿನ ಕೆಲಸ, ಬ್ಯಾಟಿಂಗ್ ಸಾಹೇಬರದು. ನಿಮ್ಮ ಲೇಖನದಲ್ಲಿ ಇರಲೇಬೇಕಾಗಿದ್ದ ಈ ಮಾತೇ ಬಿಟ್ಟುಹೋಗಿದೆ.

ಗ್ರೇಗ್ ಔಟಾದಾಗಲೆಲ್ಲ ಎಂಟಾಣೆ ಕೊಡುತ್ತಿದ್ದ ಕತೆ ದಂತಕತೆ, ‘ಎನ್ನುತ್ತಾರೆ’ ಸೇರಿಸಿ. ಬರೆದ ಮೇಲೆ ಲೆಕ್ಕವನ್ನೂ ಹಾಕಿ: ಎಂಟು ಸಲ ಔಟ್ ಮಾಡಿದರೆ ತಿಂಗಳ ಸಂಬಳ ಕೈಗೆ ಬಂತು. ಆ ಒಂದು ವಾಕ್ಯ ನಿಮ್ಮ ‘ಉದಾರ ಬಹುಮಾನ’ಕ್ಕಿಂತ ಹೆಚ್ಚು ಹೇಳುತ್ತದೆ.

ಇನ್ನು ಅಂಕಿಗಳು. ನಾನು ಕ್ರೀಡಾಪುಟದಲ್ಲಿ ಕೆಲಸ ಕಲಿಯುವಾಗ ಹಿರಿಯರೊಬ್ಬರು ಸ್ಕೋರನ್ನು ಕೂಡಿ ಕಳೆದು ನೋಡದೆ ಒಂದು ಸಾಲೂ ಮುಂದಕ್ಕೆ ಬಿಡುತ್ತಿರಲಿಲ್ಲ. ಆಗ ಕಿರಿಕಿರಿಯಾಗುತ್ತಿತ್ತು, ಈಗ ನಾನೂ ಅದನ್ನೇ ಮಾಡುತ್ತೇನೆ.

‘1906ರಲ್ಲಿ ಇಂಗ್ಲೆಂಡ್ ತಂಡವನ್ನು ನುಚ್ಚುನೂರು ಮಾಡಿ’ ಎಂದಿದ್ದೀರಿ. ಎದುರಿಗಿದ್ದದ್ದು ಇಂಗ್ಲೆಂಡ್ ಅಲ್ಲ, ಇಲ್ಲೇ ನೆಲೆಸಿದ್ದ ಯುರೋಪಿಯನ್ನರ ತಂಡ. ಬಾಲೂ ಆಡಿದ ಹಿಂದೂಗಳ ತಂಡ 242 ಮತ್ತು 160, ಯುರೋಪಿಯನ್ನರು 191 ಮತ್ತು 102. ಮೊದಲ ಇನಿಂಗ್ಸ್ ಮುಗಿದಾಗ ಅಂತರ ಬರೀ 51; ನುಚ್ಚುನೂರೇನೂ ಆಗಿರಲಿಲ್ಲ. ಗೆಲ್ಲಲು 212 ಬೇಕಿದ್ದಾಗ ಯುರೋಪಿಯನ್ನರು ಕುಸಿದು 109 ರನ್ನಿನಿಂದ ಸೋತರು. ಬಾಲೂ ಪಾಲಿಗೆ ಎರಡೂ ಇನಿಂಗ್ಸ್ ಸೇರಿ 8 ವಿಕೆಟ್.

‘1911ರ ಇಂಗ್ಲೆಂಡ್ ಪ್ರವಾಸದಲ್ಲಿ 114 ಪ್ರಥಮ ದರ್ಜೆ ವಿಕೆಟ್.’ ಮೂರು ಸಾಲು ಕೆಳಗೆ, ಇಡೀ ಆಟದ ಬದುಕಿನಲ್ಲಿ ಪ್ರಥಮ ದರ್ಜೆಯ 33 ಪಂದ್ಯ, 179 ವಿಕೆಟ್ ಎಂದು ನೀವೇ ಬರೆದಿದ್ದೀರಿ. ಹಾಗಾದರೆ ಉಳಿದ ಇಷ್ಟು ವರ್ಷಗಳಿಗೆ ಬರೀ 65? ಆಗಲೇ ಅನುಮಾನ ಬರಬೇಕಿತ್ತು. 114 ಎಲ್ಲ ಪಂದ್ಯಗಳ ಮೊತ್ತ. ಪ್ರಥಮ ದರ್ಜೆ ಎಂದು ಲೆಕ್ಕಕ್ಕೆ ಬರುವ ಮೇಲ್ಮಟ್ಟದ ಪಂದ್ಯಗಳವು 75. ಆ ಪ್ರವಾಸದಲ್ಲಿ ಭಾರತೀಯರ ತಂಡ ಆಡಿದ 23 ಪಂದ್ಯಗಳಲ್ಲಿ ಗೆದ್ದದ್ದು 6, ಸೋತದ್ದು 15. ಸೋಲುವ ತಂಡದ ಬೌಲರಿಗೆ ಎದುರಾಳಿಯ ಎರಡನೇ ಇನಿಂಗ್ಸ್ ಎಷ್ಟೋ ಸಲ ಪೂರ್ತಿ ಸಿಗುವುದೇ ಇಲ್ಲ. 114ರ ತೂಕ ಇರುವುದು ಅಲ್ಲಿ, ನಿಮ್ಮ ‘ಮಾಂತ್ರಿಕ’ ಎಂಬ ವಿಶೇಷಣದಲ್ಲಿ ಅಲ್ಲ.

‘ಟೆಸ್ಟ್ ಬೌಲರ್’ ಎಂಬುದನ್ನು ಹೊಡೆದು ಹಾಕಿದ್ದೇನೆ. ಭಾರತದ ಮೊದಲ ಟೆಸ್ಟ್ 1932ರಲ್ಲಿ. ಬಾಲೂ ಆಗ ಐವತ್ತು ದಾಟಿದ್ದರು.

ಬಾಲೂ ತಮ್ಮಂದಿರ ಭಾಗ, 1937ರ ಚುನಾವಣೆಯಲ್ಲಿ ಬಾಲೂ ಅಂಬೇಡ್ಕರರ ಎದುರು ನಿಂತು ಸೋತ ಭಾಗ ಇದ್ದಂತೆಯೇ ಇರಲಿ. ತಿದ್ದಿ ಕಳಿಸುವಾಗ ಧಾರವಾಡದಿಂದ ಬೇಡ, 3 ರೂಪಾಯಿಯ ರೋಲರಿನಿಂದ ಶುರು ಮಾಡಿ. ಬಾಲೂಗೆ ಏಕವಚನ, ಗ್ರೇಗ್‌ಗೆ ಬಹುವಚನ ಹಾಕಿದ್ದೀರಲ್ಲ, ಅದನ್ನೂ ಸರಿಪಡಿಸಿ.

ಇತಿ,
ಸಂಪಾದಕ