ಮ್ಯಾಚ್ ಬೆಟ್ಟಿಂಗ್ ಬಲ್ಲವರಿಗೆ ಸ್ಲಾಟ್ ಆಟದ ಲೆಕ್ಕ: ಓದುಗರ ಪ್ರಶ್ನೆ, ನಮ್ಮ ಉತ್ತರ

ಬ್ರಿಟನ್ನಿನಲ್ಲಿರುವ ಓದುಗರಿಂದ ಈ ಸಲ ಸ್ಲಾಟ್ ಆಟದ ಬಗ್ಗೆ, ಅಂದರೆ ಬಟನ್ ಒತ್ತಿ ಚಿತ್ರಗಳ ರೀಲ್ ಉರುಳಿಸುವ ಜೂಜಿನ ಬಗ್ಗೆ, ಹಲವು ಪ್ರಶ್ನೆಗಳು ಬಂದಿವೆ. ಒಂದು ಸಲ ಉರುಳಿಸುವುದಕ್ಕೆ ಸ್ಪಿನ್ ಎನ್ನುತ್ತಾರೆ. ಕೊನೆಯ ಪ್ರಶ್ನೆ ಬೆಂಗಳೂರಿನದು. ಅದಕ್ಕೆ ಕೊಟ್ಟಿರುವ ಉತ್ತರ ಕರ್ನಾಟಕದಲ್ಲಿರುವ ಎಲ್ಲರಿಗೂ ಅನ್ವಯಿಸುತ್ತದೆ.

ಪ್ರಶ್ನೆ: ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇನೆ. ವಾರಾಂತ್ಯದಲ್ಲಿ ಫುಟ್‌ಬಾಲ್ ಅಥವಾ ಕ್ರಿಕೆಟ್ ಮೇಲೆ ಹತ್ತು ಪೌಂಡ್ ಕಟ್ಟುವ ಅಭ್ಯಾಸವಿದೆ. ಪಿಚ್, ಫಾರ್ಮ್, ಯಾರಿಗೆ ಗಾಯವಾಗಿದೆ ಎಲ್ಲ ನೋಡಿಯೇ ಕಟ್ಟುತ್ತೇನೆ. ಅದೇ ಆ್ಯಪ್‌ನಲ್ಲಿ ನೂರಾರು ಸ್ಲಾಟ್ ಆಟಗಳಿವೆ. ಒಳ್ಳೆಯದನ್ನು ಆರಿಸುವುದು ಹೇಗೆ?

ಉತ್ತರ: ನಿಮ್ಮ ಅಭ್ಯಾಸದಲ್ಲಿ ಅರ್ಧ ಇಲ್ಲಿ ಕೆಲಸಕ್ಕೆ ಬರುತ್ತದೆ, ಅರ್ಧ ಬರುವುದಿಲ್ಲ. ಬಾರದಿರುವ ಅರ್ಧವನ್ನು ಮೊದಲು ಹೇಳುತ್ತೇವೆ, ಏಕೆಂದರೆ ಹೆಚ್ಚಿನವರ ದುಡ್ಡು ಹೋಗುವುದು ಅಲ್ಲೇ.

ಸ್ಲಾಟ್‌ಗೆ ಫಾರ್ಮ್ ಎಂಬುದೇ ಇಲ್ಲ. ನೀವು ಬಟನ್ ಒತ್ತಿದ ಕ್ಷಣದಲ್ಲೇ ಸರ್ವರ್ ಒಂದು ಸಂಖ್ಯೆಯನ್ನು ಎತ್ತಿಕೊಂಡಿರುತ್ತದೆ, ಫಲಿತಾಂಶ ಆಗಲೇ ಮುಗಿದಿರುತ್ತದೆ. ಆಮೇಲೆ ರೀಲ್ ಉರುಳುವುದು ಅದನ್ನು ತೋರಿಸುವುದಕ್ಕಷ್ಟೇ. ಹಿಂದಿನ ಐನೂರು ಸ್ಪಿನ್‌ನಲ್ಲಿ ಏನೂ ಬಂದಿಲ್ಲ ಎಂಬುದು ಮುಂದಿನ ಸ್ಪಿನ್‌ಗೆ ಗೊತ್ತೇ ಇರುವುದಿಲ್ಲ. ಮೂರನೆಯ '7' ಚಿತ್ರ ಗೆಲುವಿನ ಗೆರೆಯ ಕೆಳಗೆ ನಿಂತರೆ 'ಸ್ವಲ್ಪದರಲ್ಲಿ ತಪ್ಪಿತು' ಅನ್ನಿಸುತ್ತದೆ. ಬ್ಯಾಟಿಗೆ ತಾಗಿ ಸ್ಲಿಪ್ಪಿನಲ್ಲಿ ಕೈಜಾರಿದ ಚೆಂಡು ನಿಜವಾಗಿಯೂ ಸ್ವಲ್ಪದರಲ್ಲೇ ತಪ್ಪಿದ್ದು, ಸ್ಲಾಟ್‌ನಲ್ಲಿ ಹಾಗಿಲ್ಲ. ಕಣ್ಣಿಗೆ ಕಾಣುವ ರೀಲಿಗೂ ಒಳಗಿನ ಲೆಕ್ಕಕ್ಕೂ ಸಂಬಂಧ ಕಡಿದದ್ದು 1984ರಷ್ಟು ಹಿಂದೆ. ಆ ವರ್ಷ ಇಂಗೆ ಟೆಲ್ನೆಸ್ ಎಂಬವರು ಅಮೆರಿಕದಲ್ಲಿ ಪೇಟೆಂಟ್ ಪಡೆದ ವಿಧಾನದಲ್ಲಿ, ರೀಲಿನ ಮೇಲೆ ಇಪ್ಪತ್ತು ಚಿಲ್ಲರೆ ಚಿತ್ರಗಳಿದ್ದರೂ ಒಳಗೆ ಅದಕ್ಕಿಂತ ಎಷ್ಟೋ ಹೆಚ್ಚು ಸಂಖ್ಯೆಗಳಿರುತ್ತವೆ. ಖಾಲಿ ಜಾಗಕ್ಕೆ ಹೆಚ್ಚು ಸಂಖ್ಯೆ, ಜಾಕ್‌ಪಾಟ್ ಚಿತ್ರಕ್ಕೆ ಒಂದೋ ಎರಡೋ.

ಇನ್ನು ಕೆಲಸಕ್ಕೆ ಬರುವ ಅರ್ಧ. ಆಡ್ಸ್ ನೋಡಿ ಬುಕ್ಕಿ ಎಷ್ಟು ಕತ್ತರಿಸುತ್ತಿದ್ದಾನೆ ಎಂದು ಲೆಕ್ಕ ಹಾಕುವುದು ನಿಮಗೆ ಗೊತ್ತಲ್ಲ, ಅದೇ ಬುದ್ಧಿ ಇಲ್ಲೂ ಬೇಕು. ಸಮಸಮ ಸಾಧ್ಯತೆಯ ಎರಡು ಕಡೆಗೂ 1.90 ರೇಟಿದ್ದರೆ (ಗೆದ್ದಾಗ ಒಂದು ಪೌಂಡಿಗೆ ಒಟ್ಟು 1.90 ಪೌಂಡ್ ಮರಳುವುದು) ಹತ್ತು ಪೌಂಡಿಗೆ ಸರಾಸರಿ 50 ಪೆನ್ಸ್ ಸೈಟಿನ ಪಾಲು, ಅಂದರೆ ಶೇ 5. ಸ್ಲಾಟ್‌ನಲ್ಲಿ ಈ ರೇಟನ್ನು ಆರ್‌ಟಿಪಿ ಎಂದು ಬರೆದಿರುತ್ತಾರೆ: ಕಟ್ಟಿದ ಒಟ್ಟು ಹಣದಲ್ಲಿ ದೀರ್ಘಕಾಲದಲ್ಲಿ ಆಟಗಾರರಿಗೆಲ್ಲ ಸೇರಿ ಮರಳುವ ಪಾಲು. ಶೇ 96 ಎಂದಿದ್ದರೆ ಸೈಟಿನ ಪಾಲು ಶೇ 4.

ಹಾಗಾದರೆ ಸ್ಲಾಟೇ ಅಗ್ಗವಲ್ಲವೇ ಎಂದು ಅನ್ನಿಸಬಹುದು. ಇಲ್ಲಿ ವೇಗವನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ನಿಮ್ಮ ಹತ್ತು ಪೌಂಡ್ ತೊಂಬತ್ತು ನಿಮಿಷದ ಮ್ಯಾಚಿಗೆ ಒಮ್ಮೆ ಕಟ್ಟಿದ್ದು, ಅದರ ಸರಾಸರಿ ಖರ್ಚು 50 ಪೆನ್ಸ್. ಸ್ಲಾಟ್‌ನಲ್ಲಿ ಸ್ಪಿನ್ನಿಗೆ ಒಂದೇ ಪೌಂಡ್ ಇಟ್ಟು ನಿಮಿಷಕ್ಕೆ ಹತ್ತು ಸಲ ಒತ್ತಿದರೂ ಗಂಟೆಗೆ 600 ಪೌಂಡ್ ಕಟ್ಟಿದಂತೆ. ಅದರ ಶೇ 4 ಅಂದರೆ 24 ಪೌಂಡ್. ಗೆದ್ದದ್ದೇ ಮತ್ತೆ ಮತ್ತೆ ಹೋಗುವುದರಿಂದ 600 ಪೌಂಡ್ ಕಟ್ಟಿದ್ದು ಅರಿವಿಗೇ ಬರುವುದಿಲ್ಲ. ಸ್ಪಿನ್ನಿಗೆ 10 ಪೆನ್ಸ್ ಇಟ್ಟರೆ ಅದೇ ಒಂದು ಗಂಟೆಗೆ 2 ಪೌಂಡ್ 40 ಪೆನ್ಸ್. ಆಟದ ಹೆಸರು, ಚಿತ್ರ, ಸಂಗೀತ ಯಾವುದೇ ಇರಲಿ, ನಿಮ್ಮ ಖರ್ಚನ್ನು ನಿರ್ಧರಿಸುವುದು ಆರ್‌ಟಿಪಿ, ಸ್ಪಿನ್ನಿನ ಮೊತ್ತ, ವೇಗ ಈ ಮೂರೇ.

ಆರ್‌ಟಿಪಿ ಹುಡುಕುವುದು ಹೀಗೆ. ಆಟ ತೆರೆದು, ದುಡ್ಡು ಕಟ್ಟುವ ಮುಂಚೆ, ಮೂಲೆಯಲ್ಲಿರುವ ಪ್ರಶ್ನಾರ್ಥಕ ಚಿಹ್ನೆಯನ್ನೋ ಮೂರು ಗೆರೆಯ ಮೆನುವನ್ನೋ ಒತ್ತಿ. ನಿಯಮಗಳ ಪುಟವನ್ನು ಕೊನೆಯವರೆಗೂ ಎಳೆಯಿರಿ, ಶೇಕಡಾ ಅಂಕಿ ಸಾಮಾನ್ಯವಾಗಿ ತೀರ ಕೆಳಗೆ ಸಣ್ಣಕ್ಷರದಲ್ಲಿರುತ್ತದೆ. ಬೇರೆಲ್ಲೋ ಓದಿದ ಅಂಕಿಯನ್ನು ನಂಬಬೇಡಿ. ಅನೇಕ ತಯಾರಕರು ಒಂದೇ ಆಟವನ್ನು ಶೇ 96, 94, 91 ಹೀಗೆ ಹಲವು ಮಟ್ಟಗಳಲ್ಲಿ ಮಾರುತ್ತಾರೆ, ಯಾವುದು ಬೇಕೆಂದು ಸೈಟು ಆರಿಸಿಕೊಳ್ಳುತ್ತದೆ. ಪರದೆ ನೋಡಿದರೆ ವ್ಯತ್ಯಾಸ ಕಾಣದು. 96ರಿಂದ 94ಕ್ಕೆ ಇಳಿದರೆ ಎರಡೇ ಅಂಕ ಎನ್ನಿಸುತ್ತದೆ, ಆದರೆ ನಿಮ್ಮ ಖರ್ಚು 4ರಿಂದ 6ಕ್ಕೆ, ಅಂದರೆ ಒಂದೂವರೆ ಪಟ್ಟಾಯಿತು. ಭಾರೀ ಜಾಕ್‌ಪಾಟ್ ಇರುವ ಆಟಗಳಲ್ಲಿ ಇನ್ನೂ ಎಚ್ಚರ ಬೇಕು. ಹೆಸರುವಾಸಿಯಾದ ಮೆಗಾ ಮೂಲಾದಲ್ಲಿ ಜಾಕ್‌ಪಾಟ್ ಬಿಟ್ಟು ಉಳಿದ ಆಟದ ಆರ್‌ಟಿಪಿ ಶೇ 88.12. ಸ್ಟಾರ್‌ಬರ್ಸ್ಟ್ ಎಂಬ ಇನ್ನೊಂದು ಆಟದ ಮೂಲ ಆವೃತ್ತಿಯದು 96.09. ಜಾಕ್‌ಪಾಟ್ ಹೊಡೆಯದ ಮಟ್ಟಿಗೆ, ಅಂದರೆ ಹೆಚ್ಚುಕಡಿಮೆ ಎಲ್ಲರಿಗೂ, ಮೊದಲನೆಯದು ಮೂರು ಪಟ್ಟು ದುಬಾರಿ.

ಪ್ರಶ್ನೆ: ಆರ್‌ಟಿಪಿ 96 ಎಂದು ನೋಡಿಯೇ ಆಡಿದೆ. ಒಂದು ಪೌಂಡಿನ ಸ್ಪಿನ್, ಇಪ್ಪತ್ತು ನಿಮಿಷದೊಳಗೆ 50 ಪೌಂಡ್ ಖಾಲಿ. ಇದು ಮೋಸವಲ್ಲವೇ? (ಮ್ಯಾಂಚೆಸ್ಟರ್)

ಉತ್ತರ: ಲೈಸೆನ್ಸ್ ಇರುವ ಸೈಟಾದರೆ ಮೋಸವಿಲ್ಲದೆಯೂ ಹೀಗಾಗುತ್ತದೆ, ಮತ್ತು ಆಗಾಗ ಆಗುತ್ತದೆ. ನೀವು ನೋಡದೆ ಬಿಟ್ಟದ್ದು ಆಟದ ಏರಿಳಿತವನ್ನು. ಮಾಹಿತಿ ಪುಟದಲ್ಲಿ ಇದನ್ನು ವೊಲಾಟಿಲಿಟಿ ಎಂದು ಬರೆದಿರುತ್ತಾರೆ. ಬೆಟ್ಟಿಂಗ್ ಭಾಷೆಯಲ್ಲಿ ಹೇಳುವುದಾದರೆ, ಏರಿಳಿತ ಕಡಿಮೆ ಇರುವ ಆಟ 1.30 ರೇಟಿನ, ಗೆಲ್ಲುತ್ತದೆಂದು ಎಲ್ಲರೂ ನೆಚ್ಚಿದ ತಂಡದ ಮೇಲೆ ಕಟ್ಟಿದ ಹಾಗೆ, ಹೆಚ್ಚಿರುವುದು 21 ರೇಟಿನ, ಗೆಲ್ಲುವ ನಿರೀಕ್ಷೆ ತೀರ ಕಡಿಮೆಯಿರುವ ಕುದುರೆಯ ಮೇಲೆ ಕಟ್ಟಿದ ಹಾಗೆ. ಎರಡರಲ್ಲೂ ಸೈಟಿನ ಪಾಲು ಒಂದೇ ಇರಬಹುದು, ಕೈಯಲ್ಲಿರುವ ಗಂಟು ಕರಗುವ ರೀತಿ ಬೇರೆ.

ಹೆಚ್ಚು ಏರಿಳಿತದ ಆಟದಲ್ಲಿ ಮರಳಿ ಬರುವ ಹಣದ ದೊಡ್ಡ ಪಾಲು ಬೋನಸ್ ಸುತ್ತಿನೊಳಗೆ, ಅಂದರೆ ಆಟದೊಳಗೆ ಅಪರೂಪಕ್ಕೆ ಸಿಗುವ ಹೆಚ್ಚುವರಿ ಸುತ್ತಿನೊಳಗೆ, ಕೂತಿರುತ್ತದೆ. ಆ ಸುತ್ತು ಸರಾಸರಿ 200 ಸ್ಪಿನ್ನಿಗೆ ಒಮ್ಮೆ ಬರುತ್ತದೆ ಎಂದು ಇಟ್ಟುಕೊಳ್ಳಿ. 200 ಸ್ಪಿನ್ ಮುಗಿದರೂ ಒಮ್ಮೆಯೂ ಬಾರದಿರುವ ಸಾಧ್ಯತೆ ಶೇ 37ರ ಹತ್ತಿರ. ಅಂದರೆ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಅದು ಕಾಣಿಸುವುದೇ ಇಲ್ಲ, 96 ಎಂಬ ಅಂಕಿ ಅವರ ಪಾಲಿಗೆ ಎಷ್ಟೋ ಕೆಳಗಿಳಿದಿರುತ್ತದೆ. ಐವತ್ತು ಪೌಂಡಿಗೆ ಒಂದು ಪೌಂಡಿನ ಸ್ಪಿನ್ ಎಂದರೆ ಕೈಯಲ್ಲಿರುವುದು ಐವತ್ತೇ ಸ್ಪಿನ್ನಿನ ಬಂಡವಾಳ. ಇಂಥ ಆಟಕ್ಕೆ ಅದು ಏನೇನೂ ಸಾಲದು. ಕಳೆದರೂ ಪರವಾಗಿಲ್ಲ ಎಂದು ತೆಗೆದಿಟ್ಟ ಮೊತ್ತವನ್ನು ಕನಿಷ್ಠ 200ರಿಂದ ಭಾಗಿಸಿ: 20 ಪೌಂಡ್ ಇದ್ದರೆ ಸ್ಪಿನ್ನಿಗೆ 10 ಪೆನ್ಸ್. ಇದರಿಂದ ಗೆಲುವು ಹೆಚ್ಚುವುದಿಲ್ಲ, ದುಡ್ಡು ಹೆಚ್ಚು ಹೊತ್ತು ಉಳಿಯುತ್ತದೆ, ಅಷ್ಟೇ.

ಮೊತ್ತ ನೋಡುವಾಗಲೂ ಎಡವುವವರಿದ್ದಾರೆ. ಕೆಲವು ಆಟಗಳು ಗೆರೆಗೆ ಇಷ್ಟು ಎಂದು ತೋರಿಸುತ್ತವೆ. ಗೆರೆಗೆ 5 ಪೆನ್ಸ್, ಗೆರೆ 20 ಇದ್ದರೆ ಸ್ಪಿನ್ನಿಗೆ ಹೋಗುವುದು 5 ಪೆನ್ಸ್ ಅಲ್ಲ, ಒಂದು ಪೌಂಡ್. ಒಟ್ಟು ಮೊತ್ತ ಎಂಬ ಚೌಕವನ್ನೇ ನೋಡಿ.

ಪ್ರಶ್ನೆ: ರೀಲ್ ಉರುಳುವಾಗ ಸರಿಯಾದ ಹೊತ್ತಿಗೆ ಮತ್ತೆ ಒತ್ತಿ ನಿಲ್ಲಿಸಿದರೆ ಲಾಭವಿದೆಯೇ?

ಉತ್ತರ: ಇಲ್ಲ. ಫಲಿತಾಂಶ ಮೊದಲೇ ಆಗಿಹೋಗಿರುತ್ತದೆ. ಆಟಗಾರರಿಗೆ ಇಂಥ ಭ್ರಮೆ ಹುಟ್ಟಿಸುತ್ತದೆ ಎಂಬ ಕಾರಣಕ್ಕೇ ಬ್ರಿಟನ್ನಿನಲ್ಲಿ 2021ರ ಅಕ್ಟೋಬರ್ 31ರಿಂದ ಆ ಸೌಲಭ್ಯವನ್ನು ತೆಗೆಸಿದ್ದಾರೆ.

ಪ್ರಶ್ನೆ: ನನ್ನ ಸೈಟು ಸರಿಯಾದದ್ದೇ ಎಂದು ಆಟ ನೋಡಿಯೇ ತಿಳಿಯಬಹುದೇ? (ಬರ್ಮಿಂಗ್‌ಹ್ಯಾಮ್)

ಉತ್ತರ: ಬಹುಮಟ್ಟಿಗೆ ತಿಳಿಯಬಹುದು. ಬ್ರಿಟನ್ನಿನ ಗ್ಯಾಂಬ್ಲಿಂಗ್ ಕಮಿಷನ್ ಲೈಸೆನ್ಸ್ ಇರುವ ಸೈಟಿನಲ್ಲಿ ಒಂದು ಸ್ಪಿನ್ ಕನಿಷ್ಠ 2.5 ಸೆಕೆಂಡ್ ಹಿಡಿಯಬೇಕು, ತನ್ನಷ್ಟಕ್ಕೆ ತಿರುಗುವ ಆಟೋಪ್ಲೇ ಇರಬಾರದು. ಒಂದು ಪೌಂಡ್ ಕಟ್ಟಿ 40 ಪೆನ್ಸ್ ಬಂದಾಗ ಗಂಟೆ ಬಾರಿಸಿ ಗೆಲುವಿನಂತೆ ಸಂಭ್ರಮಿಸಬಾರದು, ಏಕೆಂದರೆ ನೀವು ಕಳೆದದ್ದು 60 ಪೆನ್ಸ್. ಸ್ಪಿನ್ನಿನ ಗರಿಷ್ಠ ಮೊತ್ತ 25 ವರ್ಷ ತುಂಬಿದವರಿಗೆ 5 ಪೌಂಡ್, 18ರಿಂದ 24ರವರಿಗೆ 2 ಪೌಂಡ್. ಈ ಎರಡು ಮಿತಿಗಳು ಕ್ರಮವಾಗಿ 2025ರ ಏಪ್ರಿಲ್ 9 ಮತ್ತು ಮೇ 21ರಿಂದ ಜಾರಿಯಲ್ಲಿವೆ. ಕ್ರೆಡಿಟ್ ಕಾರ್ಡಿನಲ್ಲಿ ಹಣ ಕಟ್ಟಿಸಿಕೊಳ್ಳುವಂತಿಲ್ಲ. ಸ್ಪಿನ್ನಿಗೆ 20 ಪೌಂಡ್ ಬಿಡುವ, ಆಟೋಪ್ಲೇ ಇರುವ, ಕ್ರೆಡಿಟ್ ಕಾರ್ಡ್ ಕೇಳುವ ಸೈಟು ಕಂಡರೆ ಅದು ಹೊರಗಿನದು. ಅಲ್ಲಿ ಗೆದ್ದ ಹಣ ಕೈಗೆ ಬಾರದಿದ್ದರೆ ದೂರು ಕೇಳುವವರಿಲ್ಲ. ಜರ್ಮನಿಯಲ್ಲಿರುವ ಓದುಗರಿಗೆ ನಿಯಮ ಇನ್ನೂ ಬಿಗಿ: ಸ್ಪಿನ್ನಿಗೆ ಒಂದು ಯೂರೊ, ಕನಿಷ್ಠ 5 ಸೆಕೆಂಡ್.

ಪ್ರಶ್ನೆ: 20 ಪೌಂಡ್ ಬೋನಸ್ ಕೊಡುತ್ತೇವೆ, ಅದನ್ನು ಹಿಂಪಡೆಯುವ ಮುಂಚೆ ಅದರ 35 ಪಟ್ಟು ಕಟ್ಟಿ ಆಡಬೇಕು ಎಂದು ಸೈಟಿನಲ್ಲಿತ್ತು. ತೆಗೆದುಕೊಳ್ಳಬಹುದಿತ್ತೇ?

ಉತ್ತರ: ಬಿಟ್ಟಿದ್ದರೆ ಒಳ್ಳೆಯದೇ ಮಾಡಿದಿರಿ. 20ರ 35 ಪಟ್ಟು 700 ಪೌಂಡ್. ಶೇ 96ರ ಆಟದಲ್ಲಿ 700 ಪೌಂಡ್ ಕಟ್ಟಿ ಮುಗಿಸಲು ಸರಾಸರಿ 28 ಪೌಂಡ್ ಖರ್ಚು. ಕೊಟ್ಟದ್ದಕ್ಕಿಂತ ಎಂಟು ಪೌಂಡ್ ಹೆಚ್ಚು! 2026ರ ಜನವರಿ 19ರಿಂದ ಬ್ರಿಟನ್ನಿನಲ್ಲಿ ಈ ಷರತ್ತು ಹತ್ತು ಪಟ್ಟು ಮೀರುವಂತಿಲ್ಲ. ಹತ್ತು ಪಟ್ಟಾದರೆ ಖರ್ಚು 8 ಪೌಂಡ್, ಉಳಿಯುವುದು 12. ಶೇ 92ರ ಆಟಕ್ಕೆ ಮಾತ್ರ ಸಲ್ಲುತ್ತದೆ ಎಂದಿದ್ದರೆ ಉಳಿಯುವುದು 4 ಮಾತ್ರ. ಆದ್ದರಿಂದ ಯಾವ ಆಟಗಳಿಗೆ ಸಲ್ಲುತ್ತದೆ, ಎಷ್ಟು ದಿನದೊಳಗೆ ಮುಗಿಸಬೇಕು ಎಂಬ ಎರಡು ಸಾಲುಗಳನ್ನು ಓದದೆ ಒಪ್ಪಬೇಡಿ. ಅದೇ ದಿನದಿಂದ ಬ್ರಿಟನ್ನಿನಲ್ಲಿ, ಮ್ಯಾಚ್ ಮೇಲೂ ಕಟ್ಟಬೇಕು, ಸ್ಲಾಟೂ ಆಡಬೇಕು ಎಂದು ಎರಡು ಬಗೆಯ ಜೂಜನ್ನು ಬೆಸೆಯುವ ಕೊಡುಗೆಗಳನ್ನೂ ನಿಷೇಧಿಸಲಾಗಿದೆ. ಮ್ಯಾಚ್ ಬೆಟ್ಟಿಂಗ್‌ನವರನ್ನು ಸ್ಲಾಟ್ ಕಡೆಗೆ ತಿರುಗಿಸುತ್ತಿದ್ದ ದೊಡ್ಡ ಬಾಗಿಲು ಅದೇ ಆಗಿತ್ತು. ಅದನ್ನು ಮುಚ್ಚಿದ್ದು ಸರಿಯಾದ ಕೆಲಸ.

ಪ್ರಶ್ನೆ: ಮ್ಯಾಚ್‌ನಲ್ಲಿ ಸೋತಾಗ ಮುಂದಿನ ಮ್ಯಾಚಿನವರೆಗೆ ಕಾಯಲಾಗದೆ ಸ್ಲಾಟ್ ತೆರೆಯುತ್ತೇನೆ. ಹೋದದ್ದನ್ನು ಅಲ್ಲೇ ಎತ್ತಿಕೊಳ್ಳೋಣ ಎಂದು. ಈಚೆಗೆ ಮ್ಯಾಚಿಗಿಂತ ಅಲ್ಲೇ ಹೆಚ್ಚು ಹೋಗುತ್ತಿದೆ. (ಊರು ಬರೆದಿಲ್ಲ)

ಉತ್ತರ: ಬರೆದು ಕೇಳಿದ್ದು ಒಳ್ಳೆಯದಾಯಿತು. ಮ್ಯಾಚಿನಲ್ಲಿ ಎರಡು ಬೆಟ್‌ಗಳ ನಡುವೆ ಗಂಟೆಗಳ, ದಿನಗಳ ಅಂತರವಿರುತ್ತದೆ, ಮನಸ್ಸು ತಣಿಯುತ್ತದೆ. ಸ್ಲಾಟ್‌ನಲ್ಲಿ ಆ ಅಂತರ ಎರಡೂವರೆ ಸೆಕೆಂಡ್. ಸೋತ ಬಿಸಿಯಲ್ಲಿ ಕೈಯಿಡಲು ಇದಕ್ಕಿಂತ ಕೆಟ್ಟ ಜಾಗವಿಲ್ಲ. ಆಟ ಬದಲಿಸುವುದರಿಂದ ನಿಮ್ಮ ತೊಂದರೆ ಪರಿಹಾರವಾಗದು, ಬಾಗಿಲನ್ನೇ ಹಾಕಬೇಕು. ಇವತ್ತೇ ಆ್ಯಪ್‌ನ ಖಾತೆ ವಿಭಾಗಕ್ಕೆ ಹೋಗಿ ಠೇವಣಿ ಮಿತಿ ಇಳಿಸಿ. ಇಳಿಸಿದ್ದು ಕೂಡಲೇ ಜಾರಿಗೆ ಬರುತ್ತದೆ, ಏರಿಸಬೇಕೆಂದರೆ ಕನಿಷ್ಠ 24 ಗಂಟೆ ಕಾಯಬೇಕು. ಅಷ್ಟು ಸಾಲದಿದ್ದರೆ ಟೈಮ್ ಔಟ್ ಇದೆ, ಒಂದು ದಿನದಿಂದ ಆರು ವಾರದವರೆಗೆ. ಆದರೆ ಅದು ಆ ಒಂದು ಸೈಟಿಗೆ ಮಾತ್ರ. ಬ್ರಿಟನ್ನಿನ ಲೈಸೆನ್ಸ್ ಇರುವ ಎಲ್ಲ ಆನ್‌ಲೈನ್ ಸೈಟುಗಳಿಂದ ಒಟ್ಟಿಗೆ ಹೊರಬರಲು ಗ್ಯಾಮ್‌ಸ್ಟಾಪ್‌ನಲ್ಲಿ ಹೆಸರು ನೋಂದಾಯಿಸಿ: ಆರು ತಿಂಗಳು, ಒಂದು ವರ್ಷ ಅಥವಾ ಐದು ವರ್ಷ. ನಡುವೆ ರದ್ದು ಮಾಡಲಾಗದು, ಅದರ ಬಲವೇ ಅದು. ಹಲವು ಬ್ಯಾಂಕುಗಳ ಆ್ಯಪ್‌ನಲ್ಲಿ ಜೂಜಿನ ಪಾವತಿ ತಡೆಯುವ ಗುಂಡಿಯೂ ಇದೆ, ಅದನ್ನೂ ಒತ್ತಿ. ಮಾತಾಡಬೇಕೆನ್ನಿಸಿದರೆ ಬ್ರಿಟನ್ನಿನ ಜೂಜು ಸಹಾಯವಾಣಿ 0808 8020 133ಕ್ಕೆ ಕರೆ ಮಾಡಿ. ಹಗಲು ರಾತ್ರಿ ತೆರೆದಿರುತ್ತದೆ, ಕರೆಗೆ ಹಣವಿಲ್ಲ.

ಪ್ರಶ್ನೆ: ಬೆಂಗಳೂರಿನಲ್ಲಿದ್ದೇನೆ. ಕ್ರಿಕೆಟ್ ಬೆಟ್ಟಿಂಗ್ ಗ್ರೂಪಿನಲ್ಲಿ ಸ್ಲಾಟ್ ಆಟದ ಎಪಿಕೆ (ಆ್ಯಪ್ ಸ್ಟೋರ್ ಇಲ್ಲದೆ ನೇರವಾಗಿ ಫೋನಿಗೆ ಹಾಕಿಕೊಳ್ಳುವ ಫೈಲ್) ಕಳಿಸಿದ್ದಾರೆ, ಯುಪಿಐನಲ್ಲೇ ದುಡ್ಡು ಹಾಕಬಹುದಂತೆ. ಯಾವ ಆಟ ಆರಿಸಲಿ?

ಉತ್ತರ: ಯಾವುದನ್ನೂ ಆರಿಸಬೇಡಿ. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕೌಶಲವೋ ಅದೃಷ್ಟವೋ ಎಂದು ನೋಡದೆ ನಿಷೇಧಿಸುತ್ತದೆ. ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ. ಕರ್ನಾಟಕ ಹೈಕೋರ್ಟ್ 2022ರ ಫೆಬ್ರುವರಿ 14ರಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ತಡೆಯುತ್ತಿದ್ದ ರಾಜ್ಯದ ತಿದ್ದುಪಡಿಯನ್ನು ತಳ್ಳಿಹಾಕಿತ್ತಲ್ಲ ಎಂದು ಗ್ರೂಪಿನಲ್ಲಿ ಯಾರಾದರೂ ಹೇಳಬಹುದು. ಅಲ್ಲಿ ಉಳಿದದ್ದು ಕೌಶಲದ ಆಟಗಳ ವಾದ. ಸ್ಲಾಟ್‌ನಲ್ಲಿ ಕೌಶಲವೇ ಇಲ್ಲ.

ಕಾನೂನು ಪಕ್ಕಕ್ಕಿಡಿ, ಮೇಲೆ ಹೇಳಿದ ಲೆಕ್ಕ ಒಂದೂ ಅಲ್ಲಿ ನಿಲ್ಲುವುದಿಲ್ಲ. ಪರದೆಯ ಮೇಲೆ 97 ಎಂದು ಬರೆದಿದ್ದರೆ ಅದನ್ನು ಪರೀಕ್ಷಿಸಿದವರು ಯಾರೂ ಇಲ್ಲ. ಮೊದಲು ಸಣ್ಣ ಗೆಲುವು ಕೊಟ್ಟು, ದೊಡ್ಡ ಮೊತ್ತ ಹಿಂಪಡೆಯುವಾಗ 'ಮೊದಲು ತೆರಿಗೆ ಕಟ್ಟಿ' ಎಂದು ಇನ್ನಷ್ಟು ಕೀಳುವುದು ಇಂಥವರ ಪರಿಚಿತ ದಾರಿ. ಯುಪಿಐ ಹಣ ಹೋಗುವುದು ಬೇರೆ ಯಾರದೋ ಹೆಸರಿನ ಬಾಡಿಗೆ ಖಾತೆಗೆ. ಆ ಖಾತೆಯ ಮೇಲೆ ದೂರು ಬಿದ್ದರೆ, ಅದರಿಂದ ನಿಮಗೆ ಬಂದ 'ಗೆಲುವಿನ' ಹಣದ ಜಾಡು ಹಿಡಿದು ನಿಮ್ಮ ಬ್ಯಾಂಕ್ ಖಾತೆಯನ್ನೂ ತಡೆಹಿಡಿಯಬಹುದು. ಎಪಿಕೆ ಫೈಲ್ ಎಸ್‌ಎಂಎಸ್ ಓದುವ ಅನುಮತಿ ಕೇಳಿದರೆ ನಿಮ್ಮ ಒಟಿಪಿಯೂ ಅವರ ಕೈಗೆ.

ಈಗಾಗಲೇ ಹಾಕಿಕೊಂಡಿದ್ದರೆ ಮೊದಲು ಇಂಟರ್ನೆಟ್ ಆಫ್ ಮಾಡಿ ಆ್ಯಪ್ ಅಳಿಸಿ, ಬೇರೆ ಫೋನಿನಿಂದ ಬ್ಯಾಂಕಿಗೆ ಹೇಳಿ ಯುಪಿಐ ತಡೆಸಿ, ಪಿನ್ ಬದಲಿಸಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ವಹಿವಾಟಿನ ಯುಟಿಆರ್ ಸಂಖ್ಯೆ ಕೈಯಲ್ಲಿರಲಿ. ಬಿಡಲಾಗುತ್ತಿಲ್ಲ ಅನ್ನಿಸಿದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು. ನಿಮ್ಹಾನ್ಸ್‌ನಲ್ಲಿ ತಂತ್ರಜ್ಞಾನದ ಗೀಳಿಗೆಂದೇ ಶಟ್ ಕ್ಲಿನಿಕ್ ಇದೆ.