ಸೋತರೂ ಚೆನ್ನಾಗಿ ಆಡಿದರು ಅನ್ನಬಹುದೇ?

ದಾವಣಗೆರೆಯ ಓದುಗರೊಬ್ಬರ ಪತ್ರ: "1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಸೋತ ನಮ್ಮ ಫುಟ್‌ಬಾಲ್ ತಂಡವನ್ನು ಕಳೆದ ಸಂಚಿಕೆಯಲ್ಲಿ ಹೊಗಳಿದ್ದೀರಿ. ಸೋಲು ಸೋಲೇ. ಸೋತ ಮೇಲೆ 'ಒಳ್ಳೆ ಆಟ' ಅನ್ನುವುದು, ಕುಣಿಯಲಾರದವಳು ನೆಲ ಡೊಂಕು ಅಂದ ಹಾಗಲ್ವಾ?"

ಸಂಪಾದಕರ ಉತ್ತರ:

ನೆಲ ಡೊಂಕು ಅಂತ ನಾವು ಎಲ್ಲಿ ಅಂದೆವು ಸ್ವಾಮಿ? ಆ ತಂಡ ಕುಣಿದಿತ್ತು. ನಮ್ಮ ಮಾತು ಅಷ್ಟೇ.

ಪಂದ್ಯವನ್ನೇ ನೋಡೋಣ. 1948ರ ಜುಲೈ 31, ಲಂಡನ್ ಹತ್ತಿರದ ಇಲ್‌ಫರ್ಡ್. ಸ್ವತಂತ್ರ ಭಾರತಕ್ಕೆ ಇನ್ನೂ ಒಂದು ವರ್ಷವೂ ತುಂಬಿರಲಿಲ್ಲ. ನಾಯಕ ನಾಗಾ ನಾಡಿನ ಟಿ. ಆವೊ. ನಮ್ಮವರಲ್ಲಿ ಹೆಚ್ಚಿನವರು ಬೂಟಿಲ್ಲದೆ ಆಡಿದರು. ಮೊದಲಾರ್ಧದಲ್ಲಿ ಫ್ರಾನ್ಸ್ ಗೋಲು ಹೊಡೆಯಿತು. 70ನೇ ನಿಮಿಷದಲ್ಲಿ ನಮ್ಮ ಬೆಂಗಳೂರಿನ ಹುಡುಗ ಸಾರಂಗಪಾಣಿ ರಾಮನ್ ಸಮ ಮಾಡಿದರು. ಫ್ರಾನ್ಸ್‌ನ ಗೆಲುವಿನ ಗೋಲು ಬಂದದ್ದು 89ನೇ ನಿಮಿಷಕ್ಕೆ. 1–2. ನಾಕೌಟ್ ಪಂದ್ಯವಾದ್ದರಿಂದ ಅಲ್ಲಿಗೇ ಮುಗಿಯಿತು.

ಈ ನಡುವೆ ಭಾರತಕ್ಕೆ ಎರಡು ಪೆನಾಲ್ಟಿ ಸಿಕ್ಕಿದ್ದವು. ಎರಡೂ ಗೋಲಾಗಲಿಲ್ಲ.

ನಿಮ್ಮ ವಾದಕ್ಕೆ ಬಲ ಸಿಗುವುದು ಇಲ್ಲೇ, ಒಪ್ಪುತ್ತೇನೆ. ಪೆನಾಲ್ಟಿ ತಪ್ಪಿದರೆ ಅದೃಷ್ಟ ಕೈಕೊಟ್ಟಿತು ಅನ್ನುವುದು ನಮ್ಮ ಹಳೇ ಚಾಳಿ. ಒದೆಯುವವನು ನಮ್ಮವನೇ, ಚೆಂಡು ನಿಂತಲ್ಲೇ ಇರುತ್ತದೆ, ಅದೃಷ್ಟವನ್ನು ಯಾಕೆ ಬೈಯಬೇಕು? ಸೋತದ್ದು ನಮ್ಮ ತಪ್ಪಿನಿಂದಲೇ. ಬೂಟಿಲ್ಲದ್ದನ್ನೂ ನೆಪವಾಗಿ ಹೇಳಬಾರದು. (ಬೂಟಿಲ್ಲದ್ದಕ್ಕೇ 1950ರ ವಿಶ್ವಕಪ್ ತಪ್ಪಿತು ಅನ್ನುವ ಕಥೆಗೆ ಇನ್ನೊಂದು ಪತ್ರ ಬರೆಯಿರಿ, ಅದರಲ್ಲಿ ಜಗಳ ಜಾಸ್ತಿ ಇದೆ.)

ಆದರೆ ಎರಡು ಪೆನಾಲ್ಟಿ ಸುಮ್ನೆ ಸಿಗುವುದಿಲ್ಲ. ಎದುರಾಳಿಯ ಪೆನಾಲ್ಟಿ ಜಾಗದೊಳಗೆ ಚೆಂಡು ಹೋಗಬೇಕು, ಅವರು ಗಾಬರಿಯಾಗಿ ತಪ್ಪು ಮಾಡಬೇಕು. ಒಲಿಂಪಿಕ್ಸ್‌ನಲ್ಲಿ ಮೊದಲ ಪಂದ್ಯ ಆಡುತ್ತಿದ್ದ ತಂಡವೊಂದು ಫ್ರಾನ್ಸ್ ಮೇಲೆ ಅಷ್ಟು ಒತ್ತಡ ಹಾಕಿತು, 89ನೇ ನಿಮಿಷದವರೆಗೆ ಸಮನಾಗಿ ನಿಂತಿತು. ಅದಕ್ಕೆ ಒಳ್ಳೆ ಆಟ ಅಂದೆವು.

ಸೋತವರನ್ನೆಲ್ಲ ನಾವು ಹೊಗಳುತ್ತೇವೆ ಅಂದುಕೊಳ್ಳಬೇಡಿ. ನಾಲ್ಕು ವರ್ಷದ ನಂತರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ ನಮ್ಮನ್ನು 10–1ರಿಂದ ಸೋಲಿಸಿತು. ಆ ಒಂದು ಗೋಲು ಹೊಡೆದವರೂ ಬೆಂಗಳೂರಿನವರೇ, ಅಹ್ಮದ್ ಖಾನ್. ಎಂಥಾ ಆಟಗಾರ! ಆದರೂ ಆ ಪಂದ್ಯವನ್ನು ಯಾವ ಬಾಯಲ್ಲಿ ಹೊಗಳೋದು? ಯುಗೊಸ್ಲಾವಿಯ ಆ ಸಲ ಬೆಳ್ಳಿ ಗೆದ್ದ ತಂಡ, ನಿಜ. ಆದರೆ ಬಲವಾದ ತಂಡಕ್ಕೆ ಸೋಲುವುದು ಬೇರೆ, ಪಂದ್ಯದಲ್ಲೇ ಇಲ್ಲದಿರುವುದು ಬೇರೆ. ಬೂಟು ಕಡ್ಡಾಯವಾದದ್ದೂ ಆ ಸೋಲಿನ ನಂತರವೇ.

ಕಷ್ಟ ಇರುವುದು 1956ರ ಮೆಲ್ಬರ್ನ್‌ನಲ್ಲಿ. ಆಸ್ಟ್ರೇಲಿಯಾವನ್ನು ಅವರ ನೆಲದಲ್ಲೇ 4–2ರಿಂದ ಸೋಲಿಸಿದೆವು, ನೆವಿಲ್ ಡಿಸೋಜ ಹ್ಯಾಟ್ರಿಕ್ ಹೊಡೆದರು. ಸೆಮಿಫೈನಲ್‌ನಲ್ಲಿ ಮತ್ತೆ ಯುಗೊಸ್ಲಾವಿಯ. ಮೊದಲು ಗೋಲು ಹೊಡೆದವರು ನಾವೇ, ಮತ್ತೆ ಡಿಸೋಜ. ಆಮೇಲೆ ನಾಲ್ಕು ಗೋಲು ಬಿಟ್ಟುಕೊಟ್ಟೆವು. ನಾಲ್ಕನೇ ಸ್ಥಾನ ಬಂತಲ್ಲ ಅಂತ ಆ ಸೆಮಿಫೈನಲ್ಲನ್ನೂ ಹೊಗಳುವವರಿದ್ದಾರೆ. ನನಗೆ ಮನಸ್ಸು ಬರುವುದಿಲ್ಲ. ಮುಂದಿದ್ದ ತಂಡ ಅಷ್ಟು ಬೇಗ ಕುಸಿಯಬಾರದಿತ್ತು. ಅಷ್ಟರ ಮಟ್ಟಿಗೆ ನಾನು ನಿಮ್ಮ ಕಡೆಯೇ.